ಮಾಜಿದಾ ಸುಡುವ ಬ್ರೆಡ್ಡಿಗೆ ಸರಸಕ್ಕನ ನಾಲಿಗೆ

ಮಸೀದಿಯಲ್ಲಿ ಬೆಳಗಿನ ಬಾಂಗ್ ಮುಗಿದು ಹತ್ತು ನಿಮಿಷ. ಸಿದ್ಧಕಟ್ಟೆ ಪೇಟೆಯಿಂದ ಸ್ವಲ್ಪ ಒಳಗೆ, ಶೀಟಿನ ಮಾಡಿನ ಕೆಳಗೆ, ಐವತ್ತೆರಡು ವರ್ಷದ ಮಾಜಿದಾ ಒಂದು ದೊಡ್ಡ ಪಾತ್ರೆಯ ಮುಚ್ಚಳ ತೆಗೆಯುತ್ತಾರೆ. ಅವರು ಮಾಡುವುದು ಅಷ್ಟೇ. ಉಳಿದದ್ದನ್ನು ಪರಿಮಳ ನೋಡಿಕೊಳ್ಳುತ್ತದೆ. ಕೂಗುತ್ತಿದ್ದ ಕೋಳಿ ಅರ್ಧಕ್ಕೇ ನಿಲ್ಲಿಸಿ ಕೊಕ್ಕು ಎತ್ತುತ್ತದೆ. ಬಂಟ್ವಾಳದ ಕಡೆಗೆ ಹೋಗುವ ಮೊದಲ ಬಸ್ಸು, ಸ್ಟಾಪೇ ಇಲ್ಲದ ಜಾಗದಲ್ಲಿ, ಡ್ರೈವರು ಬ್ರೇಕು ಮುಟ್ಟುವ ಮೊದಲೇ ನಿಧಾನವಾಗುತ್ತದೆ. ಕಿಟಕಿಗೆ ತಲೆ ಆನಿಸಿ ಮಲಗಿದವರು ಕಣ್ಣು ಬಿಡದೆ ಬಾಯಿ ಚಪ್ಪರಿಸುತ್ತಾರೆ. ಗಾಳಿ ಸರಿಯಾಗಿ ಬೀಸಿದ ದಿನ ಮಿಜಾರಿನ ಹಾಸ್ಟೆಲಿನಲ್ಲಿ ಅಲಾರಂ ಇಲ್ಲದೆಯೇ ಮಕ್ಕಳು ಏಳುತ್ತಾರಂತೆ. ಇದರಲ್ಲಿ ಅರ್ಧ ನಿಜ. ಯಾವ ಅರ್ಧ ಎಂದು ಗೊತ್ತಾಗಬೇಕಾದವರು ಬೆಳಗ್ಗೆ ಐದೂಮುಕ್ಕಾಲಕ್ಕೆ ಅಲ್ಲಿ ಹೋಗಿ ನಿಲ್ಲಲಿ.

ಪಾತ್ರೆಯಲ್ಲಿ ಇರುವುದು ಹನ್ನೆರಡು ಕಿಲೋ ಒಣಹಣ್ಣು. ಒಣದ್ರಾಕ್ಷಿ, ಖರ್ಜೂರ, ಅಂಜೂರ, ಒಣಗಿಸಿದ ಅನಾನಸಿನ ತುಂಡು. ನಿನ್ನೆ ಸಂಜೆ ನಾಲ್ಕು ಗಂಟೆಯಿಂದ ಎಲ್ಲವೂ ಚಾದಲ್ಲಿ ಮುಳುಗಿ ಮಲಗಿವೆ. ಹಾಲು ಹಾಕಿದ ಚಾ ಅಲ್ಲ. ಲಿಂಬೆ ಹಿಂಡಿ, ಏಲಕ್ಕಿ ಕುಟ್ಟಿ ಹಾಕಿದ ಸುಲೈಮಾನಿ. ಮಾಜಿದಾ ಒಂದು ದ್ರಾಕ್ಷಿಯನ್ನು ಎರಡು ಬೆರಳಿನ ನಡುವೆ ಹಿಡಿದು ಒತ್ತುತ್ತಾರೆ. ಅದು ಗೋಲಿಯಷ್ಟು ದಪ್ಪ ಆಗಿದೆ (ನಾನು ಲಿಂಬೆಯಷ್ಟು ಎಂದು ಬರೆಯುವವನಿದ್ದೆ, ತಡೆದುಕೊಂಡೆ). ಆಮೇಲೆ ಮೈದಾ, ಮೊಟ್ಟೆ, ಸೋಡಾ, ಚಕ್ಕೆ ಲವಂಗದ ಪುಡಿ. ಎರಡೂ ಕೈ ಮೊಣಗಂಟಿನವರೆಗೆ ಒಳಗೆ ಹೋಗುತ್ತದೆ. ಇದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕಿನವರು ‘ಮಾಜಿದಕ್ಕನ ಚಾ ಬ್ರೆಡ್ಡು’ ಎಂದು ಕರೆಯುವ, ಕೇಕೂ ಅಲ್ಲದ ರೊಟ್ಟಿಯೂ ಅಲ್ಲದ, ಕೊಯ್ದರೆ ಹಣ್ಣೇ ಕಾಣುವ ಕಪ್ಪು ಬ್ರೆಡ್ಡು.

ಆದರೆ ಈ ಬೆಳಗ್ಗೆ ಅವರ ಕಣ್ಣು ಪಾತ್ರೆಯ ಮೇಲೆ ಇಲ್ಲ, ಬಾಗಿಲಿನ ಮೇಲೆ ಇದೆ. ಬಾಗಿಲಿನಲ್ಲಿ ಪಕ್ಕದ ಮನೆಯ ಸರಸ ಬಂದು ನಿಂತಿದ್ದಾರೆ. ವಯಸ್ಸು ಅರವತ್ತಾರು, ಊರಿಗೆಲ್ಲ ಸರಸಕ್ಕ. ಅವರ ಹಿಂದೆ ಸೊಸೆ ಜ್ಯೋತ್ಸ್ನಾ, ಮೂಡುಬಿದಿರೆಯ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಸೊಸೆಯ ಕೈಯಲ್ಲಿ ಸಕ್ಕರೆ ಕಾಯಿಲೆಯವರ ರಕ್ತ ನೋಡುವ ಸಣ್ಣ ಮಿಷಿನು.

ಇವತ್ತು ರಂಝಾನಿನ ಹದಿನೇಳನೆಯ ಉಪವಾಸ. ಮಾಜಿದಾ ಸೂರ್ಯ ಮುಳುಗುವವರೆಗೆ ತೊಟ್ಟು ನೀರೂ ಬಾಯಿಗೆ ಹಾಕುವುದಿಲ್ಲ. ಹಾಗಾಗಿ ನಾಲ್ಕು ಗಂಟೆಗೆ ಕುದಿಸುವ ಚಾದ ರುಚಿ ನೋಡುವುದಕ್ಕೆ ಅವರಿಗೆ ನಾಲಿಗೆ ಇಲ್ಲ. ಹನ್ನೊಂದು ವರ್ಷಗಳಿಂದ ಆ ಒಂದು ತಿಂಗಳು ಅವರ ನಾಲಿಗೆ ಸರಸಕ್ಕ. ಕಳೆದ ದೀಪಾವಳಿಗೆ ಸರಸಕ್ಕನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಜ್ಯೋತ್ಸ್ನಾ ಒಪ್ಪಂದ ಮಾಡಿಸಿದರು: ದಿನಕ್ಕೆ ಮೂರು ಚಮಚ ಚಾ, ಮೂರು ದಿನಕ್ಕೊಮ್ಮೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆ. ಅಂಕೆ ನೂರನಲವತ್ತು ದಾಟಿದರೆ ಸರಸಕ್ಕ ಆ ಪಾತ್ರೆಯ ಹತ್ತಿರ ಬರುವ ಹಾಗಿಲ್ಲ. ಸರಸಕ್ಕ ಬರದಿದ್ದರೆ ಹಬ್ಬದವರೆಗೆ ಭಟ್ಟಿ ತಣ್ಣಗೆ. ಇದುವರೆಗೆ ಐದು ಪರೀಕ್ಷೆ ಆಗಿದೆ, ಮೂರು ದಿನದ ಹಿಂದಿನದು ನೂರಮೂವತ್ತೊಂಬತ್ತು. ಇವತ್ತು ಆರನೆಯದು.

ಜ್ಯೋತ್ಸ್ನಾ ಸೂಜಿ ತೆಗೆಯುವಾಗ ಮಾಜಿದಾ ಹಿಟ್ಟು ಮೆತ್ತಿದ ಕೈಯನ್ನೇ ಎತ್ತಿ ತಡೆಯುತ್ತಾರೆ.

“ಅಚ್ಚುಗಳೆಲ್ಲ ಒಳಗೆ ಹೋಗಲಿ, ಆಮೇಲೆ ನೋಡುವ. ಮನಸ್ಸಲ್ಲಿ ಹೆದರಿಕೆ ಇಟ್ಟುಕೊಂಡು ಕಲಸಿದರೆ ಬ್ರೆಡ್ಡು ಏಳುವುದಿಲ್ಲ.”

ಹಾಗೆ ಬ್ರೆಡ್ಡಿನ ಎಪ್ಪತ್ತೆರಡು ಅಚ್ಚುಗಳು ಭಟ್ಟಿಯೊಳಗೆ ಹೋಗುವವರೆಗೆ ಸರಸಕ್ಕನ ಬೆರಳಿಗೆ ಬಿಡುವು ಸಿಗುತ್ತದೆ. ನಮಗೂ ಸಿಗುತ್ತದೆ.

ಭಟ್ಟಿ ಎಂದರೆ ಇಟ್ಟಿಗೆ ಮತ್ತು ಮಣ್ಣಿನ ಗುಮ್ಮಟ. ಅದರೊಳಗೆ ಒಂದು ಆನೆ ಮಂಡಿಯೂರಿ ಮಲಗಬಹುದು, ಸಣ್ಣ ಆನೆ. ಕಟ್ಟಿಗೆ ಒಳಗೇ ಉರಿದು ಕೆಂಡವಾದ ಮೇಲೆ ಎಳೆದು ಹೊರಗೆ ಹಾಕಿ, ಒದ್ದೆ ಗೋಣಿಯಿಂದ ನೆಲ ಒರೆಸುತ್ತಾರೆ. ಥರ್ಮಾಮೀಟರು ಇಲ್ಲ. ಮಾಜಿದಾ ಒಂದು ಚಿಟಿಕೆ ಮೈದಾವನ್ನು ಒಳಗಿನ ನೆಲಕ್ಕೆ ಎಸೆದು ಎಣಿಸುತ್ತಾರೆ. ಹತ್ತಕ್ಕೆ ಕೆಂಪಾದರೆ ಸಮ. ಐದಕ್ಕೇ ಕೆಂಪಾದರೆ ಬಾಗಿಲು ತೆರೆದು ಕಾಯಬೇಕು. ದೂರದ ಊರಿನ ಒಬ್ಬ ಇಂಜಿನಿಯರು ಮಿಷಿನು ತಂದು ಅಳೆದು ನೋಡಿದರೆ ಅವರ ಎಣಿಕೆಗೂ ಮಿಷಿನಿಗೂ ಎರಡು ಡಿಗ್ರಿ ವ್ಯತ್ಯಾಸ ಬಂತಂತೆ. ತಪ್ಪು ಇದ್ದದ್ದು ಮಿಷಿನಿನಲ್ಲಿ ಎಂದು ಇಂಜಿನಿಯರೇ ಒಪ್ಪಿಕೊಂಡು ಹೋದರಂತೆ.

ಮಾಜಿದಾ ಹುಟ್ಟು ಬೇಕರಿಯವರಲ್ಲ. ಇಪ್ಪತ್ತಮೂರು ವರ್ಷ ಬೀಡಿ ಕಟ್ಟಿದವರು. ಸರಸಕ್ಕನೂ ಅದೇ. ಎರಡೂ ಮನೆಗಳ ನಡುವಿನ ಜಗಲಿಯಲ್ಲಿ ಎದುರುಬದುರು ಕುಳಿತು, ಮಡಿಲಲ್ಲಿ ಗೆರಸೆ ಇಟ್ಟುಕೊಂಡು, ಇಬ್ಬರೂ ಸೇರಿ ಕಟ್ಟಿದ ಬೀಡಿಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಇಲ್ಲಿಂದ ಬೆಳ್ತಂಗಡಿಗೆ ಹೋಗಿ ತಿರುಗಿ ಬರಬಹುದು. ಸರಸಕ್ಕನ ನಾಲಿಗೆ ಆಗಲೇ ಹೆಸರುವಾಸಿ. ಮದುವೆಮನೆಯಲ್ಲಿ ಅಡುಗೆಯವರು ಸಾರಿಗೆ ಉಪ್ಪು ಹಾಕುವ ಮೊದಲು ಅವರನ್ನು ಹುಡುಕುತ್ತಿದ್ದರು. ನೀರು ಕುಡಿದು ಯಾವ ಬಾವಿಯದ್ದು ಎಂದು ಹೇಳಿದ್ದಕ್ಕೆ ಸಾಕ್ಷಿಗಳಿದ್ದಾರೆ. ಸಾಕ್ಷಿಗಳಲ್ಲಿ ಮೊದಲನೆಯವರು ಸರಸಕ್ಕನೇ.

ಬ್ರೆಡ್ಡು ಬಂದದ್ದು ಬಹರೈನಿನಿಂದ, ಮಾಜಿದಾ ಅವರ ಗಂಡ ಮೊಯಿದಿನಬ್ಬರ ಪೆಟ್ಟಿಗೆಯಲ್ಲಿ ಅಲ್ಲ, ಬಾಯಲ್ಲಿ. ಅಲ್ಲಿ ಒಂದು ಕಂಪನಿಯ ಕ್ಯಾಂಪಿನ ಅಡುಗೆಮನೆಯಲ್ಲಿ ಹದಿನೆಂಟು ವರ್ಷ ಇದ್ದವರು. ತಾನು ಕುಕ್ಕು ಎಂದು ಅವರು ಊರಲ್ಲಿ ಹೇಳುತ್ತಾರೆ. ನೀರುಳ್ಳಿ ಕೊಯ್ಯುತ್ತಿದ್ದದ್ದು ಎಂದು ಹೆಂಡತಿ ಹೇಳುತ್ತಾರೆ. ಅಡುಗೆಮನೆಯ ಯಜಮಾನ ವೇಲ್ಸಿನವನು. ಅವನ ಅಜ್ಜಿಯ ಕಾಲದ ಒಂದು ಬ್ರೆಡ್ಡು ಇತ್ತು, ಒಣಹಣ್ಣನ್ನು ಚಾದಲ್ಲಿ ನೆನೆಹಾಕಿ ಸುಡುವುದು. ಮೊಯಿದಿನಬ್ಬ ಮೊಣಕಾಲು ಸೋತು ಊರಿಗೆ ಬಂದ ಮೇಲೆ, ಸಂಜೆ ಸಂಜೆ ಆ ಬ್ರೆಡ್ಡನ್ನು ಹೊಗಳಿ ಹೊಗಳಿ ಮನೆಯವರ ತಲೆ ತಿಂದರು. ಒಂದು ದಿನ ಮಾಜಿದಾ, ಹೇಗೆ ಮಾಡುವುದು ಹೇಳಿ, ಮಾಡಿ ಬಾಯಿ ಮುಚ್ಚಿಸ್ತೇನೆ ಎಂದರು. ಹಾಲು ಹಾಕದ ಚಾದಲ್ಲಿ ಹಣ್ಣು ನೆನೆಸು ಎಂದು ಗಂಡ ಹೇಳಿದರು. ಈ ಮನೆಗಳಲ್ಲಿ ಹಾಲು ಹಾಕದ ಚಾ ಎಂದರೆ ಸುಲೈಮಾನಿ. ಮಾಜಿದಾ ಬೇರೆ ಯೋಚಿಸಲೇ ಇಲ್ಲ. ಸಕ್ಕರೆ ಕುದಿಸಿ, ಏಲಕ್ಕಿ ಹಾಕಿ, ಲಿಂಬೆ ಹಿಂಡಿ, ಹಣ್ಣು ಸುರಿದರು.

ಮೊಯಿದಿನಬ್ಬ ಪಾತ್ರೆ ಮೂಸಿ ನೋಡಿ ತಲೆಗೆ ಕೈ ಇಟ್ಟರಂತೆ. ಲಿಂಬೆ ಹಾಕಲು ಯಾರು ಹೇಳಿದ್ದು ಎಂದು ಮೂರು ಮನೆಗೆ ಕೇಳುವಂತೆ ಕೂಗಿದರಂತೆ. ಆದರೆ ಹುಳಿಗೂ ಸೋಡಾಕ್ಕೂ ಒಳಗೊಳಗೇ ಏನೋ ಮಾತುಕತೆ ನಡೆದು, ಬ್ರೆಡ್ಡು ಅಚ್ಚಿನಿಂದ ಎರಡು ಬೆರಳು ಮೇಲೆ ಎದ್ದಿತ್ತು. ಅವರ ಬಹರೈನಿನ ಬ್ರೆಡ್ಡು ಇಟ್ಟಿಗೆಯಂತೆ ಇರುತ್ತಿತ್ತು, ಇದು ಹತ್ತಿಯಂತೆ. ಎರಡು ತುಂಡು ತಿಂದು ಸುಮ್ಮನಾದರು. ಮೂರನೆಯದಕ್ಕೆ ಕೈ ಹಾಕಿದಾಗ ಮಾಜಿದಾ ಡಬ್ಬಿ ಎಳೆದುಕೊಂಡರು. “ಸರಿ ಇಲ್ಲ ಅಂದ ಮೇಲೆ ತಿನ್ನುವುದು ಯಾಕೆ?”

ಆ ಲಿಂಬೆಯೇ ಈಗ ಎಲ್ಲ ತಾಪತ್ರಯದ ಮೂಲ. ಸಾಮಾನ್ಯ ಲೆಕ್ಕ ಒಂದು ಪಾತ್ರೆಗೆ ಹನ್ನೊಂದು ಲಿಂಬೆ. ಆದರೆ ಒಂದು ದಿನದ ಲಿಂಬೆ ಇನ್ನೊಂದು ದಿನ ಇಲ್ಲ. ಹುಳಿ ಜಾಸ್ತಿಯಾದರೆ ರಾತ್ರಿ ಕಳೆಯುವಾಗ ಕಹಿ ಬಿಡುತ್ತದೆ. ಕಡಿಮೆಯಾದರೆ ಸೋಡಾದ ವಾಸನೆ ಉಳಿಯುತ್ತದೆ. ಚಾ ಕುದಿಯುವಾಗಲೇ ಯಾರಾದರೂ ರುಚಿ ನೋಡಿ ಸಾಕು ಎನ್ನಬೇಕು. ಉಪವಾಸ ಬಿಟ್ಟ ಮೇಲೆ ಮಾಡಬಹುದಲ್ಲ ಎಂದು ಕೇಳಿದೆ. ಮಾಜಿದಾ ಪಾಪದವರನ್ನು ನೋಡುವಂತೆ ನನ್ನನ್ನು ನೋಡಿದರು. ಹಣ್ಣು ಹದಿನಾಲ್ಕು ಗಂಟೆ ನೆನೆಯಬೇಕು. ಬೆಳಗ್ಗೆ ಸುಟ್ಟದ್ದು ಮಧ್ಯಾಹ್ನದವರೆಗೆ ಕೂರಬೇಕು, ಇಲ್ಲದಿದ್ದರೆ ಕೊಯ್ಯುವಾಗ ಪುಡಿ. ಬಸ್ಸಿನಲ್ಲಿ ಹೋಗಿ ಸಂಜೆ ಉಪವಾಸ ಬಿಡುವ ಹೊತ್ತಿಗೆ ಮೂರು ತಾಲೂಕಿನ ಮನೆಗಳಲ್ಲಿ ಇರಬೇಕು. ಹಿಂದಿನಿಂದ ಎಣಿಸಿದರೆ ನಾಲ್ಕು ಗಂಟೆಯೇ ಬರುತ್ತದೆ.

“ನಾಲಿಗೆಗೆ ತಾಗಿಸಿ ಉಗುಳಬಹುದು ಅಂತ ಹೇಳುವವರು ಉಂಟು,” ಎನ್ನುತ್ತಾರೆ. “ನನಗೆ ಮನಸ್ಸು ಬರುವುದಿಲ್ಲ. ದಿನವಿಡೀ ಹಿಡಿದದ್ದನ್ನು ಒಂದು ಲಿಂಬೆಗಾಗಿ ಯಾಕೆ ಸಡಿಲ ಮಾಡುವುದು?”

ಬೇರೆ ನಾಲಿಗೆ ಪ್ರಯತ್ನಿಸದೆ ಇಲ್ಲ. ಎರಡು ವರ್ಷದ ಹಿಂದೆ ಸರಸಕ್ಕ ಮದುವೆಗೆಂದು ಮೂರು ದಿನ ಹೋದಾಗ, ಬಿ.ಸಿ.ರೋಡಿನಲ್ಲಿ ಈ ಬ್ರೆಡ್ಡು ಮಾರುವ ಹೋಟೆಲಿನ ರಮಾನಾಥರನ್ನು ಕರೆಸಿದರು. ಮೂವತ್ತು ವರ್ಷ ಹೋಟೆಲು ನಡೆಸಿದವರು. ಸಾಂಬಾರಿನಿಂದ ಹಿಡಿದು ಶೀರಾದವರೆಗೆ ಎಲ್ಲದಕ್ಕೂ ಅವರ ತೀರ್ಪು ಒಂದೇ, ಇನ್ನು ಸ್ವಲ್ಪ ಸಕ್ಕರೆ ಹಾಕುವ. ಆ ಮೂರು ದಿನದ ಬ್ರೆಡ್ಡಿಗೆ ಬಂಟ್ವಾಳ ತಾಲೂಕಿನ ಎಲ್ಲ ಇರುವೆಗಳೂ ಸಾಲು ಕಟ್ಟಿ ಬಂದು, ಹೋಟೆಲಿನ ಮೆಟ್ಟಿಲಲ್ಲಿ ಬಾಗಿಲು ತೆರೆಯುವುದನ್ನು ಕಾದು ನಿಂತಿದ್ದವು. ರಮಾನಾಥರು ಈಗಲೂ ಹೇಳುವುದು, ಇರುವೆಗೆ ರುಚಿ ಗೊತ್ತುಂಟು ಎಂದು.

ಕೊನೆಯ ಅಚ್ಚು ಒಳಗೆ ಹೋಗಿದೆ. ಬಾಗಿಲಿಗೆ ತಗಡು ಮುಚ್ಚಿ ಮಾಜಿದಾ ಕೈ ತೊಳೆಯುತ್ತಾರೆ. ಸರಸಕ್ಕ ಸ್ಟೂಲಿನಲ್ಲಿ ಕುಳಿತು ಬೆರಳು ನೀಡುತ್ತಾರೆ, ಮುಖ ಇನ್ನೊಂದು ಕಡೆಗೆ. ಮಿಷಿನಿನ ಐದು ಸೆಕೆಂಡು ಕಳೆಯುವಷ್ಟರಲ್ಲಿ ನನ್ನ ಗಡ್ಡ ಒಂದಿಂಚು ಬೆಳೆಯಿತು.

ನೂರ ಅರವತ್ತಮೂರು.

ಜ್ಯೋತ್ಸ್ನಾ ಮಿಷಿನನ್ನು ಅತ್ತೆಯ ಕಣ್ಣಿನ ಮುಂದೆ ಹಿಡಿಯುತ್ತಾರೆ.

“ಮೂರು ಚಮಚದಲ್ಲಿ ಇಷ್ಟು ಏರುವುದಿಲ್ಲ ಅತ್ತೆ. ಎಂತ ಕುಡಿದದ್ದು ಹೇಳಿ.”

“ಚಾವೇ.”

“ಎಷ್ಟು?”

ಸರಸಕ್ಕ ಸೆರಗಿನ ಅಂಚನ್ನು ಬೀಡಿ ಎಲೆಯಂತೆ ಸುರುಳಿ ಸುತ್ತುತ್ತಾರೆ. “ಒಂದು ಗ್ಲಾಸು. ಚಮಚದಲ್ಲಿ ಎಂತ ಗೊತ್ತಾಗ್ತದೆ ಮಾರಾಯ್ತಿ? ಹುಳಿ ಗೊತ್ತಾಗುವುದು ನಾಲಿಗೆಯಲ್ಲಿ. ಕಹಿ ಗೊತ್ತಾಗುವುದು ಗಂಟಲಲ್ಲಿ ಇಳಿಯುವಾಗ. ಮೂರು ಚಮಚ ಗಂಟಲಿನವರೆಗೆ ಬರುವುದೇ ಇಲ್ಲ.”

“ಮತ್ತೆ?”

“ಮತ್ತೆ ಸಂಜೆ ಒಂದು ತುಂಡು. ಹೇಗೆ ಬಂದಿದೆ ಅಂತ ನೋಡ್ಲಿಕ್ಕೆ.”

“ಒಂದು?”

“ಎರಡು. ಸಣ್ಣದು.”

ಮೂಲೆಯಲ್ಲಿ ಖಾಲಿ ಟ್ರೇ ಒರೆಸುತ್ತಿದ್ದ ಮೊಯಿದಿನಬ್ಬ ಸಣ್ಣದೇನೂ ಅಲ್ಲ ಎಂದು ಗೋಡೆಗೆ ಹೇಳುತ್ತಾರೆ. ಸರಸಕ್ಕ ಕೊಟ್ಟ ನೋಟಕ್ಕೆ ಭಟ್ಟಿಯ ಕೆಂಡ ಇನ್ನೊಮ್ಮೆ ಹೊತ್ತಿಕೊಳ್ಳುತ್ತಿತ್ತು.

ಮಾಜಿದಾ ಸಿಟ್ಟು ಮಾಡುವುದಿಲ್ಲ. ಒಂದು ಗೋಣಿ ಮಡಚಿ ಮೂಲೆಯಲ್ಲಿ ಇಡುತ್ತಾರೆ, ಅದನ್ನೇ ತೆಗೆದು ಇನ್ನೊಮ್ಮೆ ಮಡಚುತ್ತಾರೆ. ಆಮೇಲೆ, ನಾಳೆಯಿಂದ ಭಟ್ಟಿ ಬೇಡ ಎನ್ನುತ್ತಾರೆ. ಇವತ್ತು ಸುಟ್ಟದ್ದು ಕಳಿಸುವ, ಅಂಗಡಿಯವರಿಗೆ ಫೋನು ಮಾಡಿ ಹೇಳುವ, ಹಬ್ಬ ಕಳೆದ ಮೇಲೆ ನೋಡುವ.

“ಬ್ರೆಡ್ಡು ಮುಂದಿನ ವರ್ಷ ಸಹ ಮಾಡಬಹುದು,” ಎನ್ನುತ್ತಾರೆ ನನ್ನ ಕಡೆ ತಿರುಗಿ. “ಸರಸಕ್ಕನ ಕಾಲಿಗೆ ಒಂದು ಗಾಯ ಆಗಿ ಒಣಗದಿದ್ದರೆ ನಾನು ಎಂತ ಮಾಡುವುದು?”

ಅರವತ್ತಾರರ ಸರಸಕ್ಕನ ಮುಖ ಆಗ ಶಾಲೆಯಿಂದ ಹೊರಗೆ ಹಾಕಿದ ಮಗುವಿನದ್ದಾಗುತ್ತದೆ. ಇಲ್ಲಿ ನಾನು ಒಂದು ಅಕ್ಷರವೂ ಸೇರಿಸಿಲ್ಲ. ಬೀಡಿ ಕಟ್ಟುವುದು ನಿಂತು ಹತ್ತು ವರ್ಷವಾಯಿತು. ಮಗ, ಸೊಸೆ ಇಬ್ಬರೂ ಬೆಳಗ್ಗೆ ಕೆಲಸಕ್ಕೆ ಹೋಗುತ್ತಾರೆ. ಇಬ್ಬರೂ ಒಳ್ಳೆಯವರು, ಸರಸಕ್ಕನನ್ನು ಪಾತ್ರೆ ತೊಳೆಯಲೂ ಬಿಡುವುದಿಲ್ಲ.

“ಹನ್ನೊಂದು ತಿಂಗಳು ನನ್ನ ಹತ್ತಿರ ಯಾರೂ ಎಂತದೂ ಕೇಳುವುದಿಲ್ಲ,” ಎನ್ನುತ್ತಾರೆ, ಯಾರನ್ನೂ ನೋಡದೆ. “ಈ ಒಂದು ತಿಂಗಳು ಹನ್ನೆರಡು ಕಿಲೋ ಹಣ್ಣು ನಾನು ಹೂಂ ಅನ್ನುವುದನ್ನು ಕಾಯ್ತದೆ. ಅದಕ್ಕೆ ನಾನು ರಾತ್ರಿಯ ಗಂಜಿ ಬಿಟ್ಟೆ. ಬಾಳೆಹಣ್ಣು ಬಿಟ್ಟೆ. ಬೆಳಗ್ಗೆ ಚಾಕ್ಕೆ ಸಕ್ಕರೆ ಸಹ ಬಿಟ್ಟೆ. ನೀನು ತಿಂಗಳಿಡೀ ಉಪವಾಸ ಹಿಡಿಯುವುದಿಲ್ಲವಾ ಮಾಜಿದಾ, ನಾನೂ ಹಿಡಿದಿದ್ದೇನೆ.”

ಮಾಜಿದಾ ಮೂರನೆಯ ಸಲ ಗೋಣಿ ಮಡಚುತ್ತಿದ್ದವರು ನಿಲ್ಲಿಸುತ್ತಾರೆ.

“ಸಕ್ಕರೆ ಇಲ್ಲದ ಚಾ ಕುಡೀತೀರಾ ನೀವು?”

“ಕುಡೀಲಿಕ್ಕೆ ಆಗ್ತದೆ. ಸುಖ ಇಲ್ಲ.”

ಇಲ್ಲಿ ಒಂದು ವಿಷಯ ಹೇಳಬೇಕು. ಈ ಕಡೆ ಚಾ ಮಾಡುವುದು ಎಂದರೆ ಮೊದಲು ಒಲೆಯ ಮೇಲೆ ನೀರು, ಅದರ ಹಿಂದೆಯೇ ಸಕ್ಕರೆ, ಆಮೇಲೆ ಉಳಿದದ್ದು. ಸಕ್ಕರೆಯನ್ನು ಕುದಿಸಿಯೇ ಚಾ. ಕುದಿಯದ ಸಕ್ಕರೆಯ ಚಾ ಇನ್ನೂ ಹುಟ್ಟದ ಚಾ. ಹಾಗಾಗಿ ಹನ್ನೊಂದು ವರ್ಷ ಇವರು ನಾಲ್ಕು ಕಿಲೋ ಸಕ್ಕರೆಯನ್ನು ಮೊದಲೇ ಕುದಿಸಿದ್ದಾರೆ, ಆಮೇಲೆ ರುಚಿ ನೋಡಿದ್ದಾರೆ. ರುಚಿ ನೋಡಬೇಕಾದದ್ದು ಲಿಂಬೆಯದ್ದು, ಸಕ್ಕರೆಯದ್ದಲ್ಲ. ಸಕ್ಕರೆ ತೂಗಿ ಹಾಕುವುದು, ಅದು ಬದಲಾಗುವುದಿಲ್ಲ. ಅದನ್ನು ಆಮೇಲೂ ಹಾಕಬಹುದು ಎಂದು ಮಾಜಿದಾ ಈ ಪ್ರಶ್ನೆ ಕೇಳುವವರೆಗೆ ಯಾರಿಗೂ ಹೊಳೆದಿಲ್ಲ. ಕ್ಲಿನಿಕ್ಕಿನಲ್ಲಿ ದಿನಕ್ಕೆ ಐವತ್ತು ಜನರಿಗೆ ಸಕ್ಕರೆ ಇಲ್ಲದ ಚಾ ಕುಡಿಯಿರಿ ಎನ್ನುವ ಜ್ಯೋತ್ಸ್ನಾ ಅವರಿಗೂ ಹೊಳೆದಿಲ್ಲ. ಅವರು ಈಗ ಮಿಷಿನನ್ನು ಚೀಲಕ್ಕೆ ಹಾಕುವ ಕೆಲಸದಲ್ಲಿ ಬಹಳ ಆಸಕ್ತಿ ತೋರಿಸುತ್ತಿದ್ದಾರೆ.

ಮೊಯಿದಿನಬ್ಬ ಮಾತ್ರ ತಲೆ ಆಡಿಸುತ್ತಾರೆ. ಬಹರೈನಿನಲ್ಲಿ ಯಜಮಾನ ಹಾಗೆಯೇ ಮಾಡುತ್ತಿದ್ದನಂತೆ. ಬರೀ ಚಾ ಮಾಡಿ, ಹಣ್ಣಿನ ಮೇಲೆ ಸಕ್ಕರೆ ಸುರಿದು, ಬಿಸಿ ಚಾ ಹೊಯ್ಯುವುದು.

ಮಾಜಿದಾ ಗಂಡನ ಕಡೆ ನಿಧಾನಕ್ಕೆ ತಿರುಗುತ್ತಾರೆ. “ಹನ್ನೊಂದು ವರ್ಷ ಯಾಕೆ ಹೇಳಲಿಲ್ಲ?”

“ನೀನು ಲಿಂಬೆ ಹಾಕಿದ ದಿನವೇ ನನ್ನ ಮಾತು ನಿಂತಿತು.”

ಜ್ಯೋತ್ಸ್ನಾ ಹೊಸ ಒಪ್ಪಂದ ಹೇಳುತ್ತಾರೆ. ಸಕ್ಕರೆ ಬೀಳುವ ಮೊದಲು ಒಂದು ಗ್ಲಾಸು ಬೇಕಾದರೂ ಕುಡಿಯಲಿ. ಸಂಜೆಯ ತುಂಡು ಒಂದೂ ಇಲ್ಲ, ಸಣ್ಣದೂ ಇಲ್ಲ. ಮೂರು ದಿನ ಬಿಟ್ಟು ಕೊನೆಯ ಪರೀಕ್ಷೆ. ಆಗಲೂ ನೂರನಲವತ್ತು ದಾಟಿದರೆ ಈ ಮಾತು ಮತ್ತೆ ಎತ್ತುವ ಹಾಗಿಲ್ಲ. ಸರಸಕ್ಕ ಒಪ್ಪಿದರು. ಆದರೆ ಸಕ್ಕರೆ ಇಲ್ಲದ ಸುಲೈಮಾನಿಯಲ್ಲಿ ಲಿಂಬೆಯ ಲೆಕ್ಕ ಹಿಡಿಯಲು ಆ ನಾಲಿಗೆಗೆ ಬರುತ್ತದೆಯೇ ಎಂದು ಸ್ವತಃ ಅವರಿಗೇ ಗೊತ್ತಿಲ್ಲ.

ನಾಲ್ಕು ಗಂಟೆ. ಒಂಬತ್ತು ಲೀಟರಿನ ಚಾ ಒಲೆಯ ಮೇಲೆ ಕಪ್ಪಾಗಿ ಕುದಿಯುತ್ತಿದೆ. ಮಾಜಿದಾ ಅವರ ತುಟಿ ಒಣಗಿ ಬಿರಿದಿದೆ; ಮಾರ್ಚಿನ ಬಿಸಿಲು, ಬೆಳಗ್ಗಿನ ಭಟ್ಟಿ, ನೀರಿಲ್ಲದ ಹನ್ನೊಂದು ಗಂಟೆ. ಆರು ಲಿಂಬೆ ಹಿಂಡಿ ಮೊದಲ ಗ್ಲಾಸು ಕೊಡುತ್ತಾರೆ. ಸರಸಕ್ಕ ಕುಡಿದ ಮುಖವನ್ನು ನೋಡಿದ್ದರೆ ಜ್ವರದ ಮಕ್ಕಳು ಕಷಾಯ ನಗುತ್ತಾ ಕುಡಿಯುತ್ತಿದ್ದರು.

“ಎಂತ ಉಂಟು?” ಮಾಜಿದಾ ಕೇಳುತ್ತಾರೆ.

“ಎಂತದೂ ಇಲ್ಲ. ಕತ್ತಲೆ ಉಂಟು.”

ಇನ್ನೊಂದು ಲಿಂಬೆ. ಇನ್ನೊಂದು ಗುಟುಕು. ಸರಸಕ್ಕ ಕಣ್ಣು ಮುಚ್ಚುತ್ತಾರೆ. ಬಾಯಿಯಲ್ಲಿ ಚಾವನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಕಳಿಸುತ್ತಾರೆ. ಹೊರಗೆ ಮೂಡುಬಿದಿರೆಯ ಬಸ್ಸು ಹಾರ್ನು ಹೊಡೆಯುತ್ತದೆ. ಮೊಯಿದಿನಬ್ಬ ಹೊರಗೆ ಹೋಗಿ ಬಸ್ಸಿಗೇ ಸುಮ್ಮನಿರಲು ಕೈ ತೋರಿಸಿ ಬರುತ್ತಾರೆ. ಎಂಟನೆಯ ಲಿಂಬೆ. ಸರಸಕ್ಕ ನುಂಗುತ್ತಾರೆ, ಗಂಟಲಿನ ಮೇಲೆ ಎರಡು ಬೆರಳು ಇಟ್ಟುಕೊಂಡು ಕಾಯುತ್ತಾರೆ, ಅದು ಎಲ್ಲಿ ಇಳಿಯಿತು ಎಂದು ಹೊರಗಿನಿಂದ ಮುಟ್ಟಿ ನೋಡುವಂತೆ.

“ಸಾಕು.”

ಮಾಜಿದಾ ಅವರ ಕೈಯಲ್ಲಿ ಒಂಬತ್ತನೆಯ ಲಿಂಬೆ ಅರ್ಧ ಕೊಯ್ದು ಇದೆ. ತಟ್ಟೆಯಲ್ಲಿ ಇನ್ನೆರಡು ಉಂಟು. ಹನ್ನೊಂದಕ್ಕಿಂತ ಒಂದು ಹೆಚ್ಚು, ಒಂದು ಕಡಿಮೆ ಮಾಡಿದ್ದುಂಟು. ಎಂಟಕ್ಕೆ ನಿಲ್ಲಿಸಿದ್ದು ಇಲ್ಲ. ಮೂರು ತಾಲೂಕಿನ ಎಪ್ಪತ್ತೆರಡು ಮನೆಗಳು, ಹದಿಮೂರು ಗಂಟೆ ಹಸಿದು ಕುಳಿತವರು, ಖರ್ಜೂರದ ನಂತರ ಬಾಯಿಗೆ ಹಾಕುವ ಮೊದಲ ತುಂಡು. ಅದು ಸೋಡಾ ವಾಸನೆ ಹೊಡೆದರೆ ಮಾಜಿದಾ ಅವರ ಹೆಸರು ಹೋಗುತ್ತದೆ.

“ಸಕ್ಕರೆ ಇಲ್ಲದೆ ಹುಳಿ ಜಾಸ್ತಿ ಕಾಣ್ತದಲ್ಲ ಸರಸಕ್ಕ? ಅದಕ್ಕೆ ಸಾಕು ಅನ್ನುವುದಾ?”

“ಇರಬಹುದು.” ಸರಸಕ್ಕ ಗ್ಲಾಸನ್ನು ಕೆಳಗೆ ಇಡುತ್ತಾರೆ. “ಆದರೆ ಗಂಟಲಲ್ಲಿ ಕಹಿ ಇಲ್ಲೇ ಶುರು ಆಗ್ತಾ ಉಂಟು. ಇವತ್ತಿನ ಲಿಂಬೆ ಸಿಪ್ಪೆ ತೆಳು, ರಸ ಜಾಸ್ತಿ. ಸಕ್ಕರೆ ಇದ್ದಾಗ ಅದು ಅಡಗಿ ಕೂತಿರ್ತಿತ್ತೋ ಏನೋ. ನೀನು ಹಾಕುವುದಾದರೆ ಹಾಕು.”

ಮಾಜಿದಾ ಒಂಬತ್ತನೆಯ ಲಿಂಬೆಯನ್ನು ತಟ್ಟೆಗೆ ತಿರುಗಿ ಇಡುತ್ತಾರೆ. ಹಣ್ಣಿನ ಮೇಲೆ ಸಕ್ಕರೆ ಸುರಿದು, ಬಿಸಿ ಚಾ ಹೊಯ್ದು, ಮುಚ್ಚಳ ಹಾಕುತ್ತಾರೆ. ನಾನು ನೋಡಿದ ಮಟ್ಟಿಗೆ, ಆ ಮುಚ್ಚಳ ಬಿದ್ದ ಶಬ್ದ ಬೆಳ್ತಂಗಡಿಯವರೆಗೆ ಕೇಳಿಸಿರಬೇಕು.

ಮರುದಿನ ಬೆಳಗ್ಗೆ ಹಣ್ಣು ಚೆನ್ನಾಗಿ ಉಬ್ಬಿತ್ತು. ಬ್ರೆಡ್ಡು ಎದ್ದಿತು, ಎರಡು ಬೆರಳು ಅಲ್ಲ, ಒಂದೂವರೆ. ಮಾಜಿದಾ ಅದನ್ನು ಬೆರಳಿಟ್ಟು ಅಳೆದರು. ಆರು ಪೆಟ್ಟಿಗೆಗಳು ಬಸ್ಸುಗಳ ಮುಂದಿನ ಸೀಟಿನ ಪಕ್ಕ ಕುಳಿತು ಊರೂರಿಗೆ ಹೋದವು. ಆ ಇಡೀ ದಿನ ಆ ಮನೆಯಲ್ಲಿ ಫೋನು ಹೊಡೆದಾಗಲೆಲ್ಲ ಮೊಯಿದಿನಬ್ಬ ಬಚ್ಚಲಿಗೆ ಹೋಗುತ್ತಿದ್ದರು.

ಸಂಜೆ ಆರೂಮುಕ್ಕಾಲು. ಬಾಂಗ್ ಕೇಳುತ್ತದೆ. ಮಾಜಿದಾ ಒಂದು ಖರ್ಜೂರ ತಿಂದು ನೀರು ಕುಡಿಯುತ್ತಾರೆ, ಪ್ರಾರ್ಥನೆ ಮುಗಿಸಿ ಬಂದು ಬ್ರೆಡ್ಡಿನ ಒಂದು ತುಂಡು ಎತ್ತುತ್ತಾರೆ. ಎದುರಿನಲ್ಲಿ ಸರಸಕ್ಕ, ಕೈ ಎರಡೂ ತೊಡೆಯ ಕೆಳಗೆ ಇಟ್ಟುಕೊಂಡು. ಆ ಕೈಗಳಿಗೆ ಅವರಿಗೇ ನಂಬಿಕೆ ಇಲ್ಲ. ಮಾಜಿದಾ ಅಗಿಯುವುದು ಮುಗಿಯುವುದೇ ಇಲ್ಲ. ಅಷ್ಟು ಹೊತ್ತಿನಲ್ಲಿ ಒಂದು ಎಮ್ಮೆ ಒಂದು ಗದ್ದೆ ಮುಗಿಸುತ್ತಿತ್ತು.

“ಹುಳಿ ಸ್ವಲ್ಪ ಕಡಿಮೆ,” ಎನ್ನುತ್ತಾರೆ ಕೊನೆಗೆ. “ಕಹಿ ಇಲ್ಲವೇ ಇಲ್ಲ. ಅನಾನಸು ಇವತ್ತು ಕಾಣ್ತದೆ, ಇಷ್ಟು ವರ್ಷ ಅದು ಎಲ್ಲಿತ್ತೋ.” ಇನ್ನೊಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, “ನಾಳೆ ಒಂಬತ್ತು ಹಾಕುವ.”

ಸರಸಕ್ಕ ತೊಡೆಯ ಕೆಳಗಿನಿಂದ ಕೈ ತೆಗೆದು, ಮಾಜಿದಾ ಅವರ ತಟ್ಟೆಯಲ್ಲಿ ಉದುರಿದ ಚೂರುಗಳನ್ನು ಒಟ್ಟುಮಾಡಿ, ಬಾಯಿಗೆ ಹಾಕದೆ, ಹೊರಗೆ ಹೋಗಿ ಕೋಳಿಗೆ ಹಾಕಿ ಬರುತ್ತಾರೆ. ಅವರ ಬಾಳಿನಲ್ಲಿ ಇಷ್ಟು ದೊಡ್ಡ ತ್ಯಾಗ ಇನ್ನೊಂದಿಲ್ಲ ಎಂದು ಅವರೇ ನನಗೆ ಹೇಳಿದ್ದು. ಫೋನುಗಳು ಬಂದವು. ಮೂಡುಬಿದಿರೆಯ ಅಂಗಡಿಯವರು ನಾಳೆಗೆ ನಾಲ್ಕು ಹೆಚ್ಚು ಕೇಳಿದರು. ರಮಾನಾಥರು ಮಾತ್ರ, ಚೆನ್ನಾಗಿ ಉಂಟು, ಸಕ್ಕರೆ ಸ್ವಲ್ಪ ಹಾಕಬಹುದಿತ್ತು ಎಂದರು.

ಮೂರನೆಯ ದಿನ ಬೆಳಗ್ಗೆ ನಾನು ಅಲ್ಲಿ ಇರಲಿಲ್ಲ. ಫೋನಿನಲ್ಲಿ ಅಂಕೆ ಹೇಳಿದ್ದು ಜ್ಯೋತ್ಸ್ನಾ: ನೂರ ಇಪ್ಪತ್ತೆಂಟು. ಹಿಂದಿನಿಂದ ಯಾರೋ ಅದನ್ನು ಇನ್ನೊಮ್ಮೆ ಗಟ್ಟಿಯಾಗಿ ಹೇಳಲು ಒತ್ತಾಯಿಸುತ್ತಿದ್ದರು. ಇನ್ನೊಮ್ಮೆ ಹೇಳಿದರು. ಅತ್ತೆ ಹಬ್ಬದವರೆಗೆ ಹೋಗಲಿ, ಮುಂದಿನ ವರ್ಷವೂ ಹೋಗಲಿ, ಆದರೆ ಮಿಷಿನು ನನ್ನ ಕೈಯಲ್ಲೇ ಇರ್ತದೆ ಎಂದರು. ಆಮೇಲೆ ಫೋನು ಮಾಜಿದಾ ಅವರ ಕೈಗೆ ಹೋಯಿತು.

ಇಷ್ಟು ಹೆಸರು ಮಾಡಿದವರಿಗೆ ಏನಾದರೊಂದು ಆಸೆ ಇರಬೇಕಲ್ಲ, ಬಿ.ಸಿ.ರೋಡಿನಲ್ಲಿ ದೊಡ್ಡ ಬೇಕರಿಯೋ, ಬೋರ್ಡಿನಲ್ಲಿ ಹೆಸರೋ ಎಂದು ಕೇಳಿದೆ. ಭಟ್ಟಿಯ ತಗಡು ಎಳೆದ ಶಬ್ದ ಕೇಳಿಸಿತು. ಅಚ್ಚುಗಳನ್ನು ಹೊರಗೆ ತೆಗೆಯುತ್ತಲೇ ಮಾತಾಡುತ್ತಿದ್ದರು.

“ಬೋರ್ಡು ಎಂತಕ್ಕೆ? ಹನ್ನೊಂದು ವರ್ಷ ಸರಸಕ್ಕ ನನಗೆ ರುಚಿ ನೋಡಿದ್ದಾರೆ. ಉಪವಾಸ ಮುಗಿದು ಪೆರ್ನಾಲ್ ಹಬ್ಬ ಒಂದು ಕಳೆಯಲಿ. ಜ್ಯೋತ್ಸ್ನಾನ ಹತ್ತಿರ ಕೇಳಿ, ಅವರ ಮೈಗೆ ಆಗುವಂಥದ್ದು, ಸಕ್ಕರೆ ಹಾಕದ್ದು, ಒಂದೇ ಒಂದು ಬ್ರೆಡ್ಡು ಅವರಿಗೆ ಅಂತಲೇ ಮಾಡ್ತೇನೆ. ಅದರ ಚಾದ ರುಚಿ ನಾನು ನೋಡ್ತೇನೆ.”